ಬುಧವಾರದ ಸಂತೆಯ ಗಂಟೆ

ನಾನು ಒಂದು ಸಂತೆಗಂಟೆ. ಇಂಗ್ಲೆಂಡಿನ ಥಾರ್ನ್‌ಬೆಕ್ ಎಂಬ ಪುಟ್ಟ ಪೇಟೆಯ ಮನೆಮನೆಯಿಂದ ಬೇಡಿ ತಂದ ಒಡಕು ಕಂಚಿನ ಪಾತ್ರೆಗಳನ್ನು ಕರಗಿಸಿ ನನ್ನನ್ನು ಎರಕ ಹೊಯ್ದರು. ಅದಕ್ಕೇ ಊರಿನವರ ಗುಣವೆಲ್ಲ ನನ್ನಲ್ಲಿದೆ: ಹಟ, ಬಿಗುಮಾನ, ಸ್ವಲ್ಪ ಹೊಟ್ಟೆಕಿಚ್ಚು. ಸ್ವಲ್ಪವೇನು, ಸುಳ್ಳೇಕೆ ಹೇಳಲಿ, ಬೇಕಾದಷ್ಟಿದೆ.

ಯಾವುದೋ ಕಾಲದ ರಾಜ ಈ ಊರಿಗೆ ಬುಧವಾರದ ಸಂತೆ ನಡೆಸುವ ಹಕ್ಕು ಕೊಟ್ಟಿದ್ದನಂತೆ. ಪಕ್ಕದೂರಿಗೆ ಆ ಹಕ್ಕಿರಲಿಲ್ಲ. ಅದನ್ನು ನೆನೆನೆನೆದು ಇಲ್ಲಿಯವರು ಹಿಗ್ಗುತ್ತಿದ್ದರು. ಉಣ್ಣೆ ವ್ಯಾಪಾರಿಗಳು ಬಂದರು, ಹೋದರು; ಒಮ್ಮೆ ಬೆಂಕಿ ಬಿದ್ದು ಅರ್ಧ ಪೇಟೆ ಸುಟ್ಟಿತು. ಕಟ್ಟಳೆ ಮಾತ್ರ ಬದಲಾಗಲಿಲ್ಲ. ನನ್ನ ಸದ್ದು ಕೇಳುವ ತನಕ ಯಾರೂ ಬುಟ್ಟಿಯ ಮೇಲಿನ ಬಟ್ಟೆ ತೆಗೆಯುವಂತಿರಲಿಲ್ಲ.

ಹಲವರ ಕೈ ದಾಟಿದ ನನ್ನ ಹಗ್ಗ ಕೊನೆಗೆ ತಬಿತಾ ಎಂಬ ವಿಧವೆಯ ಪಾಲಿಗೆ ಬಂತು. ಸಂತೆಕಟ್ಟೆಯ ನಡುವೆ ಕಲ್ಲಿನ ಶಿಲುಬೆಯೊಂದಿತ್ತು. ಅದರ ನೆರಳು ಕಟ್ಟೆಯ ಮೂರನೇ ಮೆಟ್ಟಿಲು ಮುಟ್ಟಿದಾಗ ಅವಳು ತಲೆಯೆತ್ತಿ ನನ್ನನ್ನೊಮ್ಮೆ ನೋಡಿ ಹಗ್ಗ ಎಳೆಯುತ್ತಿದ್ದಳು. ಮೋಡದ ದಿನ, ಅಲ್ಲಿ ಅಂಥ ದಿನಗಳೇ ಹೆಚ್ಚು, ಅವಳ ಅಂದಾಜಿಗೇ ಊರು ನಡೆಯುತ್ತಿತ್ತು. ಆ ಒಂದು ನೋಟಕ್ಕಾಗಿ ನಾನು ವಾರವಿಡೀ ಕಾಯುತ್ತಿದ್ದೆ.

ಆಮೇಲೆ ರೈಲು ಬಂತು. ಅದರ ಹಿಂದೆಯೇ ಎದುರಿನ ಕಟ್ಟಡದ ನೆತ್ತಿಗೆ ಗಡಿಯಾರ ಬಂತು. ಬೆಳ್ಳನೆಯ ಮುಖ, ಚಿನ್ನದ ಬಣ್ಣದ ಮುಳ್ಳು. ಕಣ್ಣೆದುರಿಗೇ ಸವತಿಯನ್ನು ತಂದು ಕೂರಿಸಿದ ಹಾಗಾಯಿತು. ತಬಿತಾ ನೆರಳನ್ನೂ ನೋಡುವುದು ಬಿಟ್ಟಳು, ನನ್ನನ್ನೂ. ಕಣ್ಣೆಲ್ಲ ಅದರ ಮೇಲೆ. ಅದು ಒಂಬತ್ತು ತೋರಿಸಿದರೆ ನಾನು ಬಾಯಿಬಿಡಬೇಕು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅದು ಕೆಟ್ಟು ನಿಲ್ಲಲಿ ಎಂದು ಶಾಪ ಹಾಕದ ದಿನವಿಲ್ಲ.

ಜೂನ್ ತಿಂಗಳ ಒಂದು ಬುಧವಾರ ಅದು ಕೆಟ್ಟೇ ನಿಂತಿತು. ಒಂಬತ್ತಕ್ಕೆ ಇನ್ನು ಹತ್ತು ನಿಮಿಷವಿತ್ತು. ಸುಡುಬಿಸಿಲು. ಸಂತೆಯವರೆಲ್ಲ ಮುಚ್ಚಿದ ಬುಟ್ಟಿಗಳ ಮುಂದೆ ಸುಮ್ಮನೆ ನಿಂತರು.

ಬೆಣ್ಣೆ ಮಾರುವ ಸೈಲಸ್ ಕೇಳಿದ, "ತಬಿತಾ, ಬೆಣ್ಣೆ ಕರಗ್ತಾ ಇದೆ. ಇನ್ನೂ ಎಷ್ಟೊತ್ತು?"

"ಹತ್ತು ನಿಮಿಷ ಇದೆಯಲ್ಲ, ಕಾಣಿಸಲ್ವಾ?"

"ಆಗಿನಿಂದ ಹತ್ತೇ ನಿಮಿಷ ಇದೆ ಕಣೇ. ನೆರಳು ನೋಡು."

ನೆರಳು ಮೂರನೇ ಮೆಟ್ಟಿಲು ದಾಟಿ ಎಷ್ಟೋ ಹೊತ್ತಾಗಿತ್ತು. ತಬಿತಾಳ ಮುಖ ಕೆಂಪಾಯಿತು. ನನ್ನತ್ತ ನೋಡಿದಳು. ಅಂದು ನಾನು ಕೂಗಿದ್ದು ಪಕ್ಕದೂರಿಗೂ ಕೇಳಿಸಿತಂತೆ. ಆದರೆ ಮುಂದಿನ ವಾರವೇ ಗಡಿಯಾರ ರಿಪೇರಿಯಾಯಿತು. ಅವಳ ಕಣ್ಣು ಮತ್ತೆ ಅಲ್ಲಿಗೇ ಹೋಯಿತು.

ತಬಿತಾ ಈಗಿಲ್ಲ. ನನ್ನನ್ನೂ ಗಡಿಯಾರವನ್ನೂ ಕೆಳಗಿಳಿಸಿ ಊರಿನ ವಸ್ತುಸಂಗ್ರಹಾಲಯದ ಒಂದೇ ಮೂಲೆಯಲ್ಲಿ ಇಟ್ಟಿದ್ದಾರೆ. ಗಡಿಯಾರ ಮತ್ತೆ ನಿಂತಿದೆ, ಎಂಟೂ ಐವತ್ತಕ್ಕೇ. ಬಂದವರು ಮೊದಲು ಅದನ್ನೇ ನೋಡುತ್ತಾರೆ. ಆಮೇಲೆ ಯಾರಾದರೂ ಬೆರಳ ಗೆಣ್ಣಿನಿಂದ ನನ್ನನ್ನು ಮೆಲ್ಲಗೆ ತಟ್ಟುತ್ತಾರೆ. ಆಗ ನಾನು ಗಟ್ಟಿಯಾಗಿ ಮೊಳಗಬಹುದು. ಮೊಳಗುವುದಿಲ್ಲ. ನನಗರಿವಿಲ್ಲದೆಯೇ ಗಡಿಯಾರದತ್ತ ನೋಡುತ್ತೇನೆ. ಇನ್ನೂ ಹತ್ತು ನಿಮಿಷ ಇದೆ.