ಗೇಟಿನ ಬಳಿಯ ಕೆಮ್ಮು

ಗ್ರಾನ್ಯಾ ಕಾರಿನ ಕೀಲಿಯಿಂದ ಮನೆಯ ಕಿಟಕಿಯ ಗಾಜನ್ನು ಕುಟ್ಟುತ್ತಲೇ ಇದ್ದಳು.

"ಫೆಸ್ಟಿ ಅಜ್ಜಾ, ನಾನು, ನರ್ಸು. ಕಾಲಿನ ಪಟ್ಟಿ ಬದಲಾಯಿಸ್ಬೇಕು, ಬಾಗಿಲು ತೆಗೀರಿ."

"ನಮ್ ನರ್ಸು ಶವಪೆಟ್ಟಿಗೇಲಿ ಮಲಗಿದಾಳೆ. ನೀನು ಹೋಗು," ಎಂದಿತು ಒಳಗಿನ ದನಿ.

ಮುದುಕ ಬದುಕಿದ್ದಾನೆ, ಸದ್ಯಕ್ಕೆ ಅಷ್ಟೇ ಸಮಾಧಾನ. ಆದರೆ ಅವನ ಕಾಲಿನ ಹುಣ್ಣು ವಾರದಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನಾಳೆಯೂ ತೆಗೆಯದಿದ್ದರೆ ಪೊಲೀಸರಿಂದ ಬಾಗಿಲು ಒಡೆಸಿ ಅವನನ್ನು ಪಟ್ಟಣದ ವೃದ್ಧಾಶ್ರಮಕ್ಕೆ ಸಾಗಿಸಬೇಕಾಗುತ್ತದೆ ಎಂದು ಡಾಕ್ಟರು ಹೇಳಿಯಾಗಿತ್ತು. ಅಲ್ಲಿಗೆ ಹೋದರೆ ಫೆಸ್ಟಿ ರುವಾನ್ ಚಳಿಗಾಲ ದಾಟುವುದಿಲ್ಲ ಎಂಬುದು ಮೇಯೋ ಸೀಮೆಯ ಆ ಕಡಲಂಚಿನ ಊರಿಗೆಲ್ಲ ಗೊತ್ತು. ಅಷ್ಟರಲ್ಲಿ ಚರ್ಚಿನ ಗಂಟೆ ಕೇಳಿಸಿತು. ಗ್ರಾನ್ಯಾ ಸೋತ ಮೋರೆ ಹಾಕಿಕೊಂಡು ಕಾರು ಹತ್ತಿದಳು.

ಅಟ್ರಾಕ್ಟಾ ಗಿಲ್ವರಿಗೆ ಗಂಡನಿಲ್ಲ, ಮಕ್ಕಳಿಲ್ಲ. ಆದರೂ ಅವಳ ಮಣ್ಣಿನ ದಿನ ಚರ್ಚಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಆಯಸ್ಸಿಡೀ ಮನೆಮನೆ ತಿರುಗಿ ಬಾಣಂತಿಯರನ್ನೂ ಹಾಸಿಗೆ ಹಿಡಿದವರನ್ನೂ ನೋಡಿಕೊಂಡ ನರ್ಸು ಅವಳು. ಜೌಗು ನೆಲದಾಚೆಯ ಒಂಟಿ ಗಂಡಸರು ಎಂದೋ ಹೊಲಿಸಿದ ಕೋಟು ತೊಟ್ಟು ಬಂದಿದ್ದರು. ಗ್ರಾನ್ಯಾ ಅವರ ನಡುವೆ ಫೆಸ್ಟಿಯನ್ನು ಹುಡುಕಿದಳು. ಅವನು ಬಂದಿರಲಿಲ್ಲ.

*

ಹೋದ ವಸಂತದಲ್ಲಿ, ಕೆಲಸ ಕಲಿಯಲು ಅಟ್ರಾಕ್ಟಾಳ ಹಿಂದೆ ತಿರುಗುತ್ತಿದ್ದಾಗ, ಗ್ರಾನ್ಯಾಗೆ ಒಂದೇ ಚಿಂತೆಯಾಗಿತ್ತು. ಯಾರ ಮನೆಗೆ ಹೋದರೂ ಆ ಹೆಂಗಸು ಗೇಟಿನ ಬಳಿ ನಿಂತು ಎದೆ ಕಿತ್ತುಬರುವಂತೆ ಕೆಮ್ಮುತ್ತಿದ್ದಳು. ಕೆಮ್ಮಿ, ಮೂಗೊರೆಸಿ, ಚೀಲದಲ್ಲಿ ಏನನ್ನೋ ಹುಡುಕಿ, ಆಮೇಲೆ ನಿಧಾನಕ್ಕೆ ಬಾಗಿಲಿಗೆ ಹೋಗುವಳು.

"ಮೇಡಂ, ಒಂದ್ಸಲ ಎಕ್ಸರೇ ತೆಗೆಸಿ."

"ಈ ಕೆಮ್ಮಿಗೆ ಎಕ್ಸರೇ ಬೇಡ ಮಗಾ. ಇದರಿಂದ ಯಾರೂ ಸಾಯಲ್ಲ," ಎಂದು ಅಟ್ರಾಕ್ಟಾ ನಕ್ಕಿದ್ದಳು.

*

ಮಣ್ಣು ಮುಗಿದ ಮೇಲೆ ಎಲ್ಲರೂ ಚರ್ಚಿನ ಸಭಾಂಗಣದಲ್ಲಿ ಚಹಾ ಕುಡಿಯುತ್ತಿದ್ದರು. ಸ್ಯಾಂಡ್‌ವಿಚ್ ತಟ್ಟೆ ಹಿಡಿದು ಬಂದ ವಿಧವೆ ಡೆಲಿಯಾ ಗ್ರಾನ್ಯಾಳ ಪಕ್ಕ ಕೂತಳು.

"ಏನ್ ನರ್ಸಮ್ಮ, ಫೆಸ್ಟಿ ಮನೆ ಕಿಟಕೀಲಿ ಇಣುಕಿದ್ಯಂತೆ?"

"ಒಳಗೆ ಬಿದ್ದುಗಿದ್ದಿದ್ರೆ ಅಂತ ನೋಡ್ದೆ. ಎಷ್ಟು ಬಡಿದ್ರೂ ತೆಗೀಲಿಲ್ಲ."

"ಬಡಿಯೋಕೆ ಮುಂಚೆ ಕೆಮ್ಮಿದ್ಯಾ?"

ಗ್ರಾನ್ಯಾ ಕಣ್ಣು ಕಣ್ಣು ಬಿಟ್ಟಳು. ಎದುರಿಗಿದ್ದ ಗುಂಡಿ ತೋಡುವ ಪ್ಯಾಕಿ ನಗಲು ಶುರುಮಾಡಿದ.

"ಅಟ್ರಾಕ್ಟಾ ಕೆಮ್ಮು ಕೇಳಿದ್ರೆ ಸಾಕು, ನಮ್ಮಪ್ಪ ಹೆಂಡದ ಬಾಟ್ಲೀನ ಹಿಟ್ಟಿನ ಡಬ್ಬಕ್ಕೆ ಇಳಿಸೋನು. ಒಂದಿನ ಅದು ಸೋರಿ, ಅಮ್ಮ ಅದೇ ಹಿಟ್ಟಲ್ಲಿ ಬ್ರೆಡ್ ಮಾಡಿ, ಮನೆಮಂದಿಗೆಲ್ಲ ಅಮಲು."

"ನನ್ನ ಗಂಡ ಕೈಮಾಡಿದ ದಿನ ಮುಖ ತೊಳ್ಕೊಳಕ್ಕೆ ಅಷ್ಟು ಹೊತ್ತು ಸಿಗ್ತಿತ್ತು," ಎಂದಳು ಡೆಲಿಯಾ, ಚಹಾ ಕದಡುತ್ತ. "ಒಳಗೆ ಬಂದ್ಮೇಲೆ ಅವಳು ಎಲ್ಲಾನೂ ನೋಡ್ತಿದ್ಲು ಕಣಮ್ಮ. ಆದ್ರೆ ನಾವು ತೋರಿಸಿದ್ಮೇಲೆ."

"ನಾನು ಎಕ್ಸರೇ ತೆಗೆಸಿ ಅಂತ ಪ್ರಾಣ ತಿಂದಿದ್ದೆ," ಎಂದಳು ಗ್ರಾನ್ಯಾ.

ಮೇಜಿಗೆ ಮೇಜೇ ನಕ್ಕಿತು. ಪ್ಯಾಕಿಯ ಚಹಾ ಬಸಿಯ ತುಂಬ ಚೆಲ್ಲಿತು. ಗ್ರಾನ್ಯಾಗೂ ನಗು ಬಂತು, ಹಿಂದೆಯೇ ಅಳುವೂ ಬಂತು. ಡೆಲಿಯಾ ನಾಲ್ಕು ಸ್ಯಾಂಡ್‌ವಿಚ್ ಕಾಗದದಲ್ಲಿ ಸುತ್ತಿ ಅವಳ ಕೈಗಿಟ್ಟಳು. "ಅವನಿಗೆ ಸಾಸಿವೆ ಹಚ್ಚಿದ್ದು ಇಷ್ಟ. ಹೋಗು."

ಫೆಸ್ಟಿಯ ಗೇಟಿನ ಬಳಿ ಗ್ರಾನ್ಯಾ ಕಪ್ಪು ಕೋಟಿನಲ್ಲೇ ನಿಂತು ಕೆಮ್ಮಿದಳು. ಅದು ಬೆಕ್ಕು ಸೀನಿದಂತಾಯಿತು. ನಾಚಿಕೆ ಬಿಟ್ಟು ಎದೆ ತುಂಬ ಉಸಿರೆಳೆದು ಮತ್ತೊಮ್ಮೆ ಕೆಮ್ಮಿದಳು. ಆಮೇಲೆ ಮನೆಗೆ ಬೆನ್ನು ಹಾಕಿ, ಕಡಲು ನೋಡುತ್ತ ನಿಂತಳು.

ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಇಲ್ಲ, ಇದೂ ಆಗಲಿಲ್ಲ ಎಂದುಕೊಳ್ಳುವಷ್ಟರಲ್ಲಿ ಒಳಗೊಂದು ಬಾಟಲಿ ಉರುಳಿತು. ಕುರ್ಚಿ ಎಳೆದ ಸದ್ದಾಯಿತು. ನಲ್ಲಿಯ ನೀರು ಸುರಿದು ನಿಂತಿತು. ಅವಳು ತಿರುಗಲಿಲ್ಲ. ಕೊನೆಗೆ ಚಿಲಕ ಸರಿಯಿತು.

"ಇನ್ನೂ ಚೂರು ಎದೆಯಿಂದ ಬರ್ಬೇಕು," ಎಂದ ಫೆಸ್ಟಿ.

ಕೂದಲು ಒದ್ದೆ ಮಾಡಿ ಬಾಚಿಕೊಂಡಿದ್ದ. ಬಿಳಿ ಅಂಗಿಯ ಗುಂಡಿಗಳು ಹೆಚ್ಚುಕಡಿಮೆಯಾಗಿದ್ದವು. ಪ್ಯಾಂಟಿನ ಒಂದು ಕಾಲನ್ನು ಆಗಲೇ ಮೊಣಕಾಲಿನವರೆಗೆ ಮಡಿಚಿಕೊಂಡು ನಿಂತಿದ್ದ.