ಪೆನ್ಸಿಲ್ ಚುಕ್ಕೆ

ನಮ್ಮ ‘ಆಸರೆ’ಯ ಪಡಸಾಲೆ ಗೋಡೆಯ ಮೇಲೆ ಹಸಿರು ಬಣ್ಣದಲ್ಲಿ ಒಂದು ಸಾಲು ಬರೆಸಿದ್ದಾರೆ: ‘ಇಲ್ಲಿ ಯಾರ ಜಾತಿಯನ್ನೂ ಕೇಳುವುದಿಲ್ಲ.’ ಅದರ ಕೆಳಗೆ ಅಧ್ಯಕ್ಷರಾದ ವಾಮದೇವಪ್ಪನವರ ಹೆಸರು, ಸಾಲಿಗಿಂತ ದೊಡ್ಡ ಅಕ್ಷರದಲ್ಲಿ. ದಾವಣಗೆರೆಯ ಪಿ.ಜೆ. ಬಡಾವಣೆಯ ಈ ಹಳೇ ಮನೆಯಲ್ಲಿ ಇರಲು ಸೂರಿಲ್ಲದ ಹದಿನೆಂಟು ಹೆಂಗಸರಿದ್ದಾರೆ. ಅವರ ಮೇಲ್ವಿಚಾರಕಿ ನಾನು, ನಿರ್ಮಲಮ್ಮ. ಒಂಬತ್ತು ವರ್ಷದಲ್ಲಿ ಒಬ್ಬರ ಜಾತಿಯನ್ನೂ ನಾನು ಕೇಳಿಲ್ಲ. ಬೇಕಾದರೆ ಆಣೆ ಮಾಡುತ್ತೇನೆ.

ಕೇಳುವ ಅಗತ್ಯವೇ ಬೀಳುವುದಿಲ್ಲ. ಹಣೆ, ಕೊರಳು, ಹೊಸಿಲು ದಾಟುವ ರೀತಿ ನೋಡಿದರೆ ಸಾಕು, ನನಗೆ ತಿಳಿಯುತ್ತದೆ. ದಾಖಲಾತಿ ಪುಸ್ತಕದಲ್ಲಿ ಹೆಸರು ಬರೆದುಕೊಂಡು, ಅಡುಗೆಮನೆಗೆ ಆಗಿಬರುವವರ ಹೆಸರಿನ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕೆ ಇಡುತ್ತೇನೆ. ಪೆನ್ಸಿಲ್ ಏಕೆಂದರೆ ತಪಾಸಣೆಯವರು ಬಂದರೆ ರಬ್ಬರಿನಲ್ಲಿ ಅಳಿಸಬಹುದು. ಚುಕ್ಕೆ ಇಲ್ಲದವರಿಗೆ ಅಂಗಳ, ಬಚ್ಚಲು, ಬಟ್ಟೆ. ಇದು ನನ್ನೊಬ್ಬಳ ಗುಟ್ಟು ಎಂದುಕೊಂಡಿದ್ದೆ. ಬಚ್ಚಲು ತೊಳೆಯುವ ದುರುಗವ್ವ ಮಾತ್ರ ಆಗಾಗ, “ಅಮ್ಮಾರ, ನಾನೂ ಛಲೋ ರೊಟ್ಟಿ ಬಡೀತೀನ್ರಿ, ಒಂದ್ಸಲ ಒಳಗ ಬಿಡ್ರಿ” ಎಂದು ಗೋಗರೆಯುತ್ತಿದ್ದಳು. “ನೋಡಾಣ ತಗಾ” ಅನ್ನುತ್ತಿದ್ದೆ. ನೋಡುತ್ತ ನೋಡುತ್ತ ಏಳೆಂಟು ತಿಂಗಳಾಗಿತ್ತು.

ತೊಂಬತ್ತೆಂಟರ ಸಂಕ್ರಾಂತಿ ಕಳೆದ ವಾರ ಅನ್ನಪೂರ್ಣಮ್ಮ ಬಂದಳು. ಹರಿಹರದವಳು, ಐವತ್ತರ ಆಸುಪಾಸು. ಹಣೆತುಂಬ ವಿಭೂತಿ, ಕೊರಳಲ್ಲಿ ಬೆಳ್ಳಿಯ ಕರಡಿಗೆ. ನಮ್ಮವರು ಇಷ್ಟಲಿಂಗವನ್ನು ಇಟ್ಟುಕೊಂಡು ಎದೆಯ ಮೇಲೆ ಧರಿಸುವ ಭರಣಿ ಅದು. ಅದನ್ನು ನೋಡಿದ್ದೇ ತಡ ಚುಕ್ಕೆ ಇಟ್ಟೆ. ಅಡುಗೆಯವಳ ಜಾಗ ಖಾಲಿಯಿತ್ತು, ಒಳಗೆ ಕಳಿಸಿದೆ. ಅವಳ ಕೈರುಚಿಯ ಬಗ್ಗೆ ಎರಡು ಮಾತಿಲ್ಲ. ಅವಳು ಬಂದ ಮೇಲೆ ಎಲೆಯಲ್ಲಿ ಅನ್ನ ಬಿಡುವುದೇ ನಿಂತುಹೋಯಿತು.

ಆಸರೆಯಲ್ಲಿ ಯಾರೂ ಒಂದು ವರ್ಷಕ್ಕಿಂತ ಹೆಚ್ಚು ಇರುವಂತಿಲ್ಲ. ವರ್ಷ ತುಂಬಿದ ದಿನ ಗಂಟು ಕಟ್ಟಬೇಕು. ಕಾಯಂ ಅಡುಗೆಯವಳಿಗೆ ಮಾತ್ರ ಅಡುಗೆಮನೆ ಪಕ್ಕದ ಕೋಣೆ, ಸಾಯುವ ತನಕ. ಬಸವ ಜಯಂತಿಯ ದಿನ ಅಧ್ಯಕ್ಷರು ಬಂದು ಎಲ್ಲರ ಜೊತೆ ಪಂಕ್ತಿಯಲ್ಲಿ ಕೂತು ಉಂಡು, ಅನ್ನಪೂರ್ಣಮ್ಮನನ್ನು ಕಾಯಂ ಮಾಡುವ ಕಾಗದಕ್ಕೆ ಸಹಿ ಹಾಕುವುದೆಂದು ನಿಶ್ಚಯವಾಯಿತು.

ಹಬ್ಬಕ್ಕೆ ಎಂಟು ದಿನ ಇದೆ ಅನ್ನುವಾಗ ನನ್ನ ತಲೆಯಲ್ಲಿ ಹುಳ ಹೊಕ್ಕಿತು. ಅವತ್ತು ಅಡುಗೆಮನೆಗೆ ಹೋದರೆ ಕರಡಿಗೆ ಹುಣಸೆಹಣ್ಣಿನ ಭರಣಿಯ ಪಕ್ಕದಲ್ಲಿ ಕೂತಿದೆ! ದಾರ ಸವೆದಿತ್ತಂತೆ, ಹೊಸ ದಾರ ಹೊಸೆಯುತ್ತಿದ್ದಳು. ಅದನ್ನಾದರೂ ಒಪ್ಪೋಣ. ನಡುವೆ ಬಾಯಾರಿತೆಂದು ಒಂದು ಚೊಂಬು ನೀರನ್ನು ಗಟಗಟ ಕುಡಿದಳು.

ಲಿಂಗ ಮೈಬಿಟ್ಟರೆ ಮತ್ತೆ ಪೂಜೆಯಾಗುವ ತನಕ ನಮ್ಮವ್ವ ಉಗುಳನ್ನೂ ನುಂಗುತ್ತಿರಲಿಲ್ಲ. ಇವಳು ನೀರು ಕುಡಿದು, ಸೆರಗಿನಲ್ಲಿ ಬಾಯಿ ಒರೆಸಿಕೊಂಡು, “ಯಾಕ್ರಿ ಅಮ್ಮಾರ, ಹಂಗ ನಿಂತ್ರಿ? ಚಾ ಇಡ್ಲೇನು?” ಅಂದಳು.

ಅಲ್ಲಿಂದ ಅವಳು ಕೂತರೂ ಅನುಮಾನ, ನಿಂತರೂ ಅನುಮಾನ. ಬೆಳಗ್ಗೆ ಗೋಡೆಗೆ ಮುಖಮಾಡಿ ಪೂಜೆಗೆ ಕೂರುತ್ತಾಳಲ್ಲ, ಅಂಗೈ ಯಾರಿಗೂ ಕಾಣದಂತೆ ಏಕೆ? ಕರಡಿಗೆ ಒಮ್ಮೆ ಹೊಸಿಲಿಗೆ ತಾಗಿದಾಗ ಟಣ್ ಎಂದಿತಲ್ಲ, ಒಳಗೆ ಲಿಂಗವಿದ್ದರೆ ಅಷ್ಟು ಟೊಳ್ಳು ಸದ್ದು ಬರುತ್ತದೆಯೇ? ನೇರವಾಗಿ ಕೇಳೋಣವೆಂದರೆ ಗೋಡೆಯ ಮೇಲೆ ಬರೆದಿದೆ. ಕೇಳಬಾರದು ಎಂದು ಬರೆದಿದೆಯೇ ಹೊರತು ಹೋಗಿ ನೋಡಬಾರದು ಎಂದು ಬರೆದಿಲ್ಲ. ಹಬ್ಬದ ಹಿಂದಿನ ದಿನ ಹರಿಹರದ ಬಸ್ಸು ಹತ್ತಿದೆ.

ಅವಳು ಬರೆಸಿದ್ದ ವಿಳಾಸ ಗುಡಿಯ ಹಿಂದಿನ ಓಣಿಯದು, ಹೊಳೆಗೆ ಹತ್ತಿರ. ಕಂಬದ ಮನೆ. ಯಜಮಾನ ಕಲ್ಲಪ್ಪ ಕಟ್ಟೆಯ ಮೇಲೆ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ.

“ಅನ್ನಪೂರ್ಣಿನಾ? ಬರ್ರಿ, ಕೂಡ್ರಿ” ಅಂದ. “ನಮ್ಮವ್ವ ಹಾಸಿಗಿ ಹಿಡಿದ ಮ್ಯಾಲೆ ಹದಿನಾಕು ವರ್ಷ ನೋಡ್ಕೊಂಡಾಳ್ರಿ. ಬಂದಿದ್ದು ಸಗಣಿ ಬಾಚಾಕ. ಕಡೀಕಡೀಗೆ ಅವ್ವ ಅವಳ ಕೈಯಾಗಿಂದ ಬಿಟ್ರೆ ಗಂಜೀನೂ ಕುಡೀತಿರ್ಲಿಲ್ಲ. ಅನ್ನಪೂರ್ಣಿ ಅಂತ ಹೆಸರಿಟ್ಟಾಕಿನೂ ಅವ್ವನೇ.”

“ಅಂದ್ರೆ ಆಕಿ ನಮ್ಮೋರೇ ಏನ್ರಿ?”

ಕಲ್ಲಪ್ಪ ಎಲೆ ಉಗುಳಿ ನಕ್ಕ. “ನಮ್ಮೋರು ಎಲ್ಲಿಂದ್ರಿ? ಊರ ಹೊರಗಿನ ಕೇರಿಯಾಕಿ. ಅವ್ವ ಹೋದ ಮ್ಯಾಲೆ ಬೀಗರು ಬರಾರು ಹೋಗಾರು, ಇಟ್ಕೊಳ್ಳಾಕ ಆಗ್ಲಿಲ್ಲ. ಮನಿ ತೊಳಿಸಿ ಕಳಿಸಿದ್ವಿ. ಬರಿಗೈಲಿ ಕಳಿಸಿಲ್ಲ ಮತ್ತೆ! ಲಿಂಗ ಅವ್ವನ ಅಂಗೈಯಾಗಿಟ್ಟು ಮಣ್ಣು ಮಾಡಿದ್ವಿ, ಖಾಲಿ ಕರಡಿಗಿ ಆಕಿಗೆ ಕೊಟ್ವಿ. ಬೆಳ್ಳಿ ಅಲ್ಲ ಬಿಡ್ರಿ, ಗಿಲೀಟು.”

ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಗೆದ್ದ ಖುಷಿ. ಒಂಬತ್ತು ವರ್ಷದಲ್ಲಿ ನನ್ನ ಕಣ್ಣಿಗೆ ಮಣ್ಣೆರಚಿದವಳು ಇವಳೊಬ್ಬಳೇ. ಶಾಸ್ತಿಯಾಗಲೇಬೇಕು ಎಂದು ಹಲ್ಲು ಕಚ್ಚಿಕೊಂಡು ನೇರ ಅಡುಗೆಮನೆಗೇ ನುಗ್ಗಿದೆ. ಕಿಟಕಿಯಾಚೆ ದುರುಗವ್ವ ಬಚ್ಚಲು ಉಜ್ಜುತ್ತಿದ್ದಳು. ಅವಳು ಕೇಳಿಸಿಕೊಂಡಾಳು ಎಂಬ ಪರಿವೆಯೂ ಇರಲಿಲ್ಲ.

“ಹರಿಹರಕ್ಕ ಹೋಗಿದ್ದೆ” ಅಂದೆ. “ಕರಡಿಗಿ ತಗಿ.”

ಅನ್ನಪೂರ್ಣಮ್ಮ ಒಲೆಯ ಮೇಲಿನ ಪಾತ್ರೆ ಇಳಿಸಿ, ಕೈ ತೊಳೆದುಕೊಂಡು, ಮುಚ್ಚಳ ತಿರುಗಿಸಿ ತೋರಿಸಿದಳು. ಒಳಗೆ ಏನೂ ಇರಲಿಲ್ಲ.

“ಇಷ್ಟು ದೊಡ್ಡ ಸುಳ್ಳು ಹೇಳಿದಲ್ಲ!”

“ಯಾವ ಸುಳ್ಳು ಹೇಳೀನಿ, ನೀವೇ ಹೇಳ್ರಿ” ಅಂದಳು. ದನಿ ಏರಲಿಲ್ಲ. “ಇಲ್ಲಿಗೆ ಬರಾಕಿಂತ ಮೊದ್ಲು ಮೂರು ಕಡೆ ಕೇಳಿದ್ರು. ನಿಜ ಹೇಳಿದೆ, ಬಾಗ್ಲು ಹಾಕ್ಕೊಂಡ್ರು. ನೀವು ಕೇಳ್ಲೇ ಇಲ್ಲ. ಕೊಳ್ಳು ನೋಡಿದ್ರಿ, ಒಳಗ ಕರ್ಕೊಂಡ್ರಿ. ನೀವು ಏನು ನೋಡ್ತೀರೋ ಅದನ್ನ ಹಾಕ್ಕೊಂಡು ಬಂದೆ.”

ಅವಳು ಕರಡಿಗೆ ಬಿಚ್ಚಿ ನನ್ನ ಕೈಗೆ ಹಾಕಿದಳು. “ಯಾರಿಗೆ ಹೇಳ್ತೀರೋ ಹೇಳ್ರಿ. ನಾಳೆ ಹುಗ್ಗಿ ಮಾಡಿಟ್ಟು ಹೋಗ್ತೀನಿ. ಗೋಧಿ ನೆನಿ ಹಾಕೀನಿ, ಕೆಟ್ಟು ಹೋಗ್ತಾವೆ.”

ಮರುದಿನ ಪಂಕ್ತಿಯಲ್ಲಿ ವಾಮದೇವಪ್ಪನವರು ಮೂರು ಸಲ ಹುಗ್ಗಿ ಹಾಕಿಸಿಕೊಂಡರು. ಕೈ ತೊಳೆದು, ಹಸಿರು ಅಕ್ಷರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತರು. ಅಡುಗೆಮನೆ ಬಾಗಿಲಲ್ಲಿ ಅನ್ನಪೂರ್ಣಮ್ಮ ನಿಂತಿದ್ದಳು, ಸೆರಗು ಹೊದ್ದು ಕೊರಳು ಮುಚ್ಚಿಕೊಂಡಿದ್ದಳು. ಕಾಲ ಬಳಿ ಅವಳ ಗಂಟು.

“ಏನು ಕೈರೀ ಆಯಮ್ಮಂದು!” ಅಂದರು ಅಧ್ಯಕ್ಷರು, ಪೆನ್ನು ತೆಗೆಯುತ್ತ. ಆಮೇಲೆ ನನ್ನತ್ತ ಬಗ್ಗಿ ದನಿ ತಗ್ಗಿಸಿದರು. “ನಮ್ಮ ಪೈಕಿನೇ ಹೌದಲ್ಲೋ?”

ಹೇಳಬೇಕೆಂದೇ ರಾತ್ರಿಯೆಲ್ಲ ಮಾತು ಜೋಡಿಸಿಕೊಂಡಿದ್ದೆ. ಈಗ ಬಾಯಿಗೆ ಬಂದದ್ದು ಬೇರೆ. “ನಾವು ಕೇಳಲ್ಲಲ್ರಿ, ಅಧ್ಯಕ್ಷರ” ಎಂದು ಗೋಡೆ ತೋರಿಸಿದೆ.

“ಅದು ಸರಿ ಅದು ಸರಿ” ಎಂದು ನಕ್ಕರು. “ಚುಕ್ಕಿ ಐತಿಲ್ಲೋ?”

ಹಾಗಾದರೆ ಇವರಿಗೂ ಗೊತ್ತು. ಗೊತ್ತಿದ್ದೂ ಆ ಸಾಲಿನ ಕೆಳಗೆ ಹೆಸರು ಬರೆಸಿಕೊಂಡಿದ್ದಾರೆ. ನಾನು ಕಾಯುತ್ತಿದ್ದದ್ದು ಮಡಿಯನ್ನೂ ಅಲ್ಲ, ನ್ಯಾಯವನ್ನೂ ಅಲ್ಲ, ಇವರು ಪಂಕ್ತಿಯಲ್ಲಿ ಅಂಜದೆ ಉಣ್ಣುವ ಧೈರ್ಯವನ್ನು ಎಂದು ತಿಳಿದು ನನ್ನ ಮೇಲೆ ನನಗೇ ಹೇಸಿಗೆಯಾಯಿತು.

“ಐತ್ರಿ” ಅಂದೆ. ಪುಸ್ತಕ ತೆಗೆದು ತೋರಿಸಿದೆ. ಚುಕ್ಕೆ ಇತ್ತು, ಸಂಕ್ರಾಂತಿಯ ವಾರ ನಾನೇ ಇಟ್ಟದ್ದು. ಅಧ್ಯಕ್ಷರು ಸಹಿ ಹಾಕಿದರು. ಅನ್ನಪೂರ್ಣಮ್ಮ ಗಂಟನ್ನು ಎತ್ತಿಕೊಂಡು ಪಕ್ಕದ ಕೋಣೆಗೆ ಹೋದಳು. ನನ್ನ ಕಡೆ ತಿರುಗಿ ನೋಡಲಿಲ್ಲ. ನೋಡದಿದ್ದದ್ದೇ ಒಳ್ಳೆಯದಾಯಿತು.

ಎಲ್ಲರೂ ಹೋದ ಮೇಲೆ ನನ್ನ ಮೇಜಿನ ಎದುರು ದುರುಗವ್ವ ಬಂದು ನಿಂತಳು. ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತಲೇ ಇದ್ದಳು. ಅವಳ ಕಣ್ಣು ಪುಸ್ತಕದ ಪಕ್ಕದಲ್ಲಿದ್ದ ಕರಡಿಗೆಯ ಮೇಲಿತ್ತು.

“ಅಮ್ಮಾರ” ಅಂದಳು, “ಆ ಡಬ್ಬಿ ಅನ್ನಪೂರ್ಣಕ್ಕಗೆ ಇನ್ನ ಬ್ಯಾಡಲ್ರಿ. ನನಗ ಕೊಡ್ರಿ. ಬರೋ ತಿಂಗ್ಳಿಗೆ ನನ್ನ ವರ್ಷ ತುಂಬ್ತೈತೆ, ಬ್ಯಾರೆ ಕಡೆ ಬಾಗ್ಲು ಬಡೀಬೇಕು.”