ನಡುಮನೆಯ ಸಮುದ್ರ

ಉಪ್ಪು ಇನ್ನೂ ಪೂರ್ತಿ ಕರಗಿರಲಿಲ್ಲ. ಚೈತ್ರಶ್ರೀ ಪೈಪಿನ ತುಂಡೊಂದನ್ನು ಹಿಡಿದು ಡ್ರಮ್ಮಿನ ನೀರನ್ನು ತಿರುವುತ್ತಲೇ ಇದ್ದಳು. ರಟ್ಟೆ ಸೋತಿತ್ತು. ಪಕ್ಕದಲ್ಲಿ ತಮ್ಮ ಸಿದ್ಧಲಿಂಗೇಶ್ ಕುಕ್ಕರಗಾಲಲ್ಲಿ ಕೂತು ಮೊಬೈಲಿನ ವಿಡಿಯೋವನ್ನು ಹಿಂದೆ ಮುಂದೆ ಮಾಡುತ್ತಿದ್ದ.

"ಅಡಿಗೆ ಉಪ್ಪು ಹಾಕಂಗಿಲ್ಲಂತೆ ಅಕ್ಕ. ಇದು ಬ್ಯಾರೆ. ಸಮುದ್ರದಾಗೆ ಏನೇನ್ ಇರ್ತೈತೋ ಅವೆಲ್ಲ ಇದ್ರಾಗೆ ಐತಂತೆ."

"ಹೂಂ," ಎಂದಳು ಅವಳು.

ಶಿಕಾರಿಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಅವನದು ಪೇಂಟು, ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ. ಸರಕು ತರಲು ಹುಬ್ಬಳ್ಳಿಗೆ ಹೋದಾಗ ಅಲ್ಲೊಂದು ಶೋರೂಮಿನಲ್ಲಿ ಉಪ್ಪುನೀರಲ್ಲಿ ಹವಳ, ಮೀನು ಸಾಕುವ ತೊಟ್ಟಿ ನೋಡಿ ಬಂದಿದ್ದ. ಮನೆಯಲ್ಲಿ ಯಾರಿಗೂ ಹೇಳದೆ ಗಾಜಿನ ತೊಟ್ಟಿ, ಬಿಳಿ ಮರಳು, ತೂತು ಬಿದ್ದ ಕಲ್ಲುಗಳು, ನೀಲಿ ದೀಪ, ಅಲೆ ಎಬ್ಬಿಸುವ ಪಂಪು ಎಲ್ಲ ತರಿಸಿದ. ನಡುಮನೆಯ ಶೋಕೇಸನ್ನು ಎತ್ತಿ ಹಿತ್ತಲ ಕೋಣೆಗೆ ಹಾಕಿಸಿ ಆ ಜಾಗದಲ್ಲಿ ತೊಟ್ಟಿ ಇರಿಸಿದ. "ನಮ್ಮ ವಂಶದಾಗೆ ಮನೇಗೆ ಮೀನು ತರೋ ಮೊದಲನೇ ಗಂಡಸು ಇವರೇ," ಎಂದು ಅವನ ಹೆಂಡತಿ ಅಶ್ವಿನಿ ನಕ್ಕಿದ್ದಳು. ಅವನು ನಗಲಿಲ್ಲ. ಅಕ್ಕನ ಕಡೆ ತಿರುಗಿ, "ಇದು ನಿಂದು," ಎಂದ.

ಚೈತ್ರಶ್ರೀ ಗಂಡನನ್ನು ಬಿಟ್ಟು ಕಾರವಾರದಿಂದ ತವರಿಗೆ ಬಂದು ವರ್ಷ ದಾಟಿತ್ತು. ಕೋರ್ಟಿನ ಓಡಾಟವೂ ಮುಗಿದಿತ್ತು. ಅಲ್ಲಿ ಏನಾಯಿತು ಎಂದು ತಮ್ಮ ಒಮ್ಮೆಯೂ ಕೇಳಿರಲಿಲ್ಲ. ಕೇಳುವ ಬದಲು ಏನಾದರೊಂದು ತಂದುಕೊಡುತ್ತಿದ್ದ. ಮೊದಲು ಮಂಚ ಬಂತು, ಆಮೇಲೆ ಮೊಬೈಲು. ಈಗ ಸಮುದ್ರ.

ನೀರು ತುಂಬಿಸಿ ದೀಪ ಹಾಕಿದ ಮೇಲೂ ಮೀನು ಬಿಡುವಂತಿರಲಿಲ್ಲ. ಕಲ್ಲು, ಮರಳಿನಲ್ಲಿ ಕಣ್ಣಿಗೆ ಕಾಣದ ಜೀವಗಳು ಬೆಳೆದು, ನೀರಿನ ವಿಷವನ್ನು ಅರಗಿಸಿಕೊಳ್ಳುವಷ್ಟಾಗಬೇಕು. ಅಲ್ಲಿಯವರೆಗೆ ಕಾಯಬೇಕು. ಸಿದ್ಧಲಿಂಗೇಶ್ ಬೆಳಗ್ಗೆ ಅಂಗಡಿಗೆ ಹೋದರೆ ಕಾಯುವ ಕೆಲಸ ಚೈತ್ರಶ್ರೀಯದಾಗುತ್ತಿತ್ತು. ಆರಿದಷ್ಟು ನೀರು ತುಂಬುವಾಗ ಉಪ್ಪುನೀರು ಹಾಕುವಂತಿಲ್ಲ, ಬರೀ ಸಿಹಿನೀರು. ನೀರು ಆರಿಹೋದರೂ ಉಪ್ಪು ಅಲ್ಲೇ ಉಳಿದಿರುತ್ತದೆ. ಗಾಜಿನ ಅಂಚಿನಲ್ಲಿ ದಿನವೂ ಬೆಳ್ಳಗೆ ಕಟ್ಟುತ್ತಿದ್ದ ಉಪ್ಪನ್ನು ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಹಿಂಡುವಾಗ ಆ ವಾಸನೆ ಕೈಗೆ ಹತ್ತುತ್ತಿತ್ತು. ಸೋಪು ಹಾಕಿ ತೊಳೆದರೂ ರೊಟ್ಟಿ ತಟ್ಟುವಾಗ ಮತ್ತೆ ಬರುತ್ತಿತ್ತು. ಆಗ ಅವಳು ಹಿಟ್ಟನ್ನು ಬಿಟ್ಟು ಮತ್ತೆ ಕೈ ತೊಳೆಯುತ್ತಿದ್ದಳು.

"ಮೀನೇ ಇಲ್ದಿದ್ದ ತೊಟ್ಟಿ ನೋಡ್ಕಂತ ಕುಂತೀಯಲ್ಲೇ," ಎಂದು ಎದುರುಮನೆಯ ಹಾಲಮ್ಮ ಬಂದಾಗಲೆಲ್ಲ ಅನ್ನುತ್ತಿದ್ದಳು.

"ಬರ್ತಾವೆ ಅಜ್ಜಿ."

ಈ ನಡುವೆ ಸೊರಬದಿಂದ ಸುನಿತಾ ಫೋನ್ ಮಾಡಿದಳು. ಕಾಲೇಜಿನಲ್ಲಿ ಜೊತೆಗಿದ್ದವಳು. ಅವಳು ನೋಡಿಕೊಳ್ಳುತ್ತಿದ್ದ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಕೆಲಸ ಖಾಲಿ ಬಿದ್ದಿತ್ತು. ಇರೋದಕ್ಕೆ ಒಂದು ಕೋಣೆ, ಊಟ ಅಲ್ಲೇ. "ಬರ್ತೀಯಾ ಇಲ್ವಾ ಹೇಳ್ಬಿಡು ಮಾರಾಯ್ತಿ. ಬೇರೆಯವ್ರು ಕೇಳ್ತಾ ಇದಾರೆ," ಎಂದಳು. ಹೇಳುತ್ತೇನೆ ಎಂದು ಚೈತ್ರಶ್ರೀ ಫೋನಿಟ್ಟಳು. ಸಂಜೆ ತಮ್ಮ ಬಂದು, ಚಪ್ಪಲಿ ಕಳಚಿದವನೇ ತೊಟ್ಟಿಯ ಮುಂದೆ ಬಗ್ಗಿ, ಸಣ್ಣ ಕೊಳವೆಯಲ್ಲಿ ನೀರು ಹಿಡಿದು, ವಿಷ ಇಳಿಯಿತೇ ಎಂದು ಔಷಧಿ ಹನಿಸಿ ಬಣ್ಣ ನೋಡತೊಡಗಿದ. ಅವಳು ಅವನ ಬಗ್ಗಿದ ಬೆನ್ನನ್ನೇ ನೋಡಿದಳು. ಮೀನು ಬಂದಮೇಲೆ ಹೇಳಿದರಾಯಿತು ಎಂದುಕೊಂಡಳು.

ಮೀನಿಗಿಂತ ಮೊದಲು ಪಾಚಿ ಬಂತು. ಬಿಳಿ ಮರಳು, ಕಲ್ಲು, ಗಾಜು ಎಲ್ಲದರ ಮೇಲೂ ಕಂದು ಬಣ್ಣದ ಲೋಳೆ ಹಬ್ಬಿತು. ಭಾನುವಾರ ಬೆಳಗ್ಗೆ ಅದನ್ನು ಕಂಡ ಸಿದ್ಧಲಿಂಗೇಶ್ ಅಲ್ಲೇ ನೆಲಕ್ಕೆ ಕೂತ.

"ಕೆಟ್ಹೋತಲ್ಲ ಅಕ್ಕ."

"ಕೆಟ್ಟಿಲ್ಲ. ಹೊಸ ತೊಟ್ಟಿಗೆ ಹಿಂಗೇ ಆಗ್ತೈತಂತೆ, ತಾನೇ ಹೋಗ್ತೈತಂತೆ. ನೀನೇ ತೋರ್ಸಿದ್ ವಿಡಿಯೋದಾಗೆ ಹೇಳಿದ್ರು."

"ನಿಂಗೆ ಚಂದಾಗಿ ಮಾಡ್ಕೊಡಬೇಕು ಅಂತಿತ್ತು. ಅಲ್ಲಿದ್ದಾಗ ದಿನಾ ಸಂಜೆ ಸಮುದ್ರದ್ ದಂಡೀಗೆ ಹೋಗ್ತೀನಿ, ಕತ್ತಲಾದ್ರೂ ಬರಾಕೆ ಮನಸಾಗಲ್ಲ ಅಂತಿದ್ದೆ. ಇಲ್ಲಿಗೆ ಬಂದ್ಮ್ಯಾಲೆ ನಿಂಗೆ ಅದೊಂದು ಇಲ್ಲಲ್ಲ ಅಂತ ನಾನು..."

ಚೈತ್ರಶ್ರೀ ಕೈಯಲ್ಲಿದ್ದ ಬಟ್ಟೆಯನ್ನು ಬಕೆಟ್ಟಿನ ಅಂಚಿಗೆ ಹಾಕಿದಳು. ಹೇಳಬಾರದೆಂದು ಅವಳು ಯಾವತ್ತೂ ತೀರ್ಮಾನ ಮಾಡಿದವಳಲ್ಲ. ಹೇಳಲು ಬೇಕಾದ ಶಕ್ತಿ ಇರಲಿಲ್ಲ, ಅಷ್ಟೆ. ಈಗ ಮುಚ್ಚಿಡುವ ಶಕ್ತಿಯೂ ಉಳಿದಿರಲಿಲ್ಲ.

"ಸಮುದ್ರ ಇಷ್ಟ ಅಂತ ಹೋಗ್ತಿರ್ಲಿಲ್ಲ ಸಿದ್ದು. ಅವ್ರು ಕುಡ್ದು ಮನೇಗೆ ಬರೋ ಹೊತ್ತು ಅದು. ಅವ್ರು ಮಲಗೋತನಕ ನಾನು ಎಲ್ಲಾದ್ರೂ ಕುಂತಿರ್ಬೇಕಿತ್ತು. ಹತ್ರ ಇದ್ದಿದ್ದು ಅದೊಂದೇ."

ಪಂಪು ಗುರ್ರೆನ್ನುತ್ತಿತ್ತು. ಸಿದ್ಧಲಿಂಗೇಶ್ ತೊಟ್ಟಿಯ ಕಡೆಯಿಂದ ಅವಳ ಕಡೆ ತಿರುಗಿ ಕೂತ.

"ನಾನು ಬಂದಿದ್ನಲ್ಲ ಒಂದ್ಸಲ," ಎಂದ. "ದಂಡೀಮ್ಯಾಲೆ ಕುಂತಿದ್ವಲ್ಲ. ಆವಾಗ್ಲೂ?"

"ಆವಾಗ್ಲೂ."

"ಮತ್ತೆ ಹೇಳ್ಬೇಕಲ್ವಾ?"

"ನೀನು ಮೊದಲ್ನೇ ಸಲ ಸಮುದ್ರ ನೋಡಿದ್ದೆ. ಪ್ಯಾಂಟ್ ಮಡಚ್ಕಂಡು ನೀರಾಗೆ ನಿಂತಿದ್ದೆ. ಹೆಂಗ್ ಹೇಳ್ಲಿ?"

ಅವನು ಎರಡೂ ಅಂಗೈಗಳಿಂದ ಮುಖ ಉಜ್ಜಿಕೊಂಡ. ಅಡಿಗೆಮನೆಯ ಬಾಗಿಲಿಗೆ ಬಂದ ಅಶ್ವಿನಿ ಒಂದು ಗಳಿಗೆ ನಿಂತು ಒಳಗೆ ಹೋದಳು.

"ಇವತ್ತೇ ಖಾಲಿ ಮಾಡಿಸ್ತೀನಿ," ಎಂದು ಅವನು ಎದ್ದ.

"ಬ್ಯಾಡ. ಇಷ್ಟ್ ಕಷ್ಟಪಟ್ಟೀಯ. ನಿಂಗೆ ಬೇಕಿದ್ರೆ ಇಟ್ಕೋ. ನಂಗ್ ಮಾತ್ರ ಇದನ್ನ ನೋಡ್ಕಳಾಕೆ ಆಗಲ್ಲ." ಆಮೇಲೆ ಅದೇ ದನಿಯಲ್ಲಿ ಸೊರಬದ ಕೆಲಸದ ವಿಷಯ ಹೇಳಿದಳು.

"ಇಲ್ಲಿ ಏನ್ ಕಮ್ಮಿ ಆಗೈತೆ ಅಕ್ಕ?"

"ಏನೂ ಕಮ್ಮಿ ಆಗಿಲ್ಲ. ಒಂದ್ ಕೋಣೆ ಬಾಗಿಲು ಹಾಕ್ಕಂಡು ನನ್ನಷ್ಟಕ್ಕೆ ಇರ್ಬೇಕು ಅನ್ಸೈತೆ."

ಅವತ್ತೇ ಅವಳು ಸುನಿತಾಗೆ ಬರುತ್ತೇನೆಂದು ಹೇಳಿದಳು. ಮರುದಿನ ಅವಳನ್ನು ಸೊರಬಕ್ಕೆ ಅವನೇ ಬಿಟ್ಟುಬಂದ. ಹಾಸ್ಟೆಲಿನ ಕೋಣೆಗೆ ಹೊಕ್ಕು ಕಿಟಕಿ ತೆಗೆದು, ಹಾಕಿ, ಚಿಲಕ ಸರಿಯಿದೆಯೇ ನೋಡಿದ. ಫ್ಯಾನಿನ ರೆಗ್ಯುಲೇಟರ್ ಕೆಟ್ಟಿದೆ ಎಂದು ಪೇಟೆಗೆ ಹೋಗಿ ಹೊಸದು ತಂದು ಕೂರಿಸಿದ. ಹೊರಡುವಾಗ "ಊಟ ಸರಿಯಾಗಿ ಮಾಡು," ಎಂದಷ್ಟೇ ಹೇಳಿದ.

ಹಾಸ್ಟೆಲಿನಲ್ಲೂ ದಣಿವು ಇದ್ದೇ ಇತ್ತು. ಹುಡುಗಿಯರ ಜ್ವರ, ಜಗಳ, ನಲ್ಲಿಯಲ್ಲಿ ಬಾರದ ನೀರು. ಆದರೆ ಕೆಲಸ ಮುಗಿದಮೇಲೆ ಅವಳು ಕೋಣೆಗೆ ಬಂದು ಬಾಗಿಲು ಹಾಕಿಕೊಳ್ಳುತ್ತಿದ್ದಳು, ಮಲಗುತ್ತಿದ್ದಳು. ತಮ್ಮ ಆಗಾಗ ಫೋನ್ ಮಾಡುತ್ತಿದ್ದ. ತೊಟ್ಟಿಯ ಸುದ್ದಿ ಎತ್ತುತ್ತಿರಲಿಲ್ಲ. ಪಾಚಿ ಹೋಯಿತೆಂದೂ, ಕಿತ್ತಳೆ ಬಣ್ಣದ ಜೋಡಿ ಮೀನು ಬಂದವೆಂದೂ, ತನ್ನ ಗಂಡ ಅವುಗಳ ಜೊತೆ ಮಾತಾಡುತ್ತಾನೆಂದೂ ಅಶ್ವಿನಿಯೇ ಹೇಳಿದಳು.

ಮೊದಲ ರಜೆಗೆ ಚೈತ್ರಶ್ರೀ ಶಿಕಾರಿಪುರಕ್ಕೆ ಬಂದಾಗ ಮಧ್ಯಾಹ್ನದ ಬಿಸಿಲು ಏರಿತ್ತು. ನಡುಮನೆಯಲ್ಲಿ ತೊಟ್ಟಿ ನೀಲಿಯಾಗಿ ಬೆಳಗುತ್ತಿತ್ತು. ಅದರ ಎದುರಿಗಿದ್ದ ಕುರ್ಚಿಗಳಲ್ಲಿ ಒಂದನ್ನು ಯಾರೋ ಬೀದಿಬಾಗಿಲ ಕಡೆ ಮುಖಮಾಡಿ ತಿರುಗಿಸಿಟ್ಟಿದ್ದರು. ಸಿದ್ಧಲಿಂಗೇಶ್ ರೊಟ್ಟಿಯ ತಟ್ಟೆ ತಂದು ಅವಳ ಕೈಗೆ ಕೊಟ್ಟು, ಆ ಕುರ್ಚಿಯ ಬೆನ್ನನ್ನೊಮ್ಮೆ ಮುಟ್ಟಿ ಒಳಗೆ ಹೋದ.

ಅವಳು ಅದರಲ್ಲಿ ಕೂತು ರೊಟ್ಟಿ ಮುರಿದಳು. ಬಾಗಿಲಾಚೆ ಹಾಲಮ್ಮ ಕಟ್ಟೆಯ ಮೇಲೆ ಸೀರೆ ಹಾಸಿ ಸಂಡಿಗೆ ಇಡುತ್ತಿದ್ದಳು. ಹುಲ್ಲು ಹೇರಿದ ಟ್ರ್ಯಾಕ್ಟರೊಂದು ನಿಧಾನವಾಗಿ ಬೀದಿ ದಾಟಿತು. ಅದು ಹೋದಮೇಲೂ ಒಂದಷ್ಟು ಹುಲ್ಲಿನೆಳೆಗಳು ಬಿಸಿಲಲ್ಲಿ ಹಾರಾಡಿ, ಒಂದೊಂದಾಗಿ ನೆಲಕ್ಕಿಳಿದವು.